ಇದು ಹುಳದ ವಾಸನೆ ಅಲ್ಲ

ನನ್ನನ್ನು ಕರೆದದ್ದು ಹೊಸ ಮೆಷಿನ್ನಿಗೆ ಲೈನ್ ಎಳೆಯಲಿಕ್ಕೆ. ವಾಸನೆಯ ವಿಷಯ ಫೋನಿನಲ್ಲಿ ಯಾರೂ ಎತ್ತಲಿಲ್ಲ.

ದೇವನಹಳ್ಳಿ ಹತ್ತಿರದ ವಿಜಯಪುರದ ಆ ರೇಷ್ಮೆ ಹುರಿ ಕಾರ್ಖಾನೆಗೆ ನಾನು ಹೋಗದೆ ಎರಡು ವರ್ಷದ ಮೇಲಾಗಿತ್ತು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಒಳಗೆ ಸಾಲಾಗಿ ಹುರಿ ಮೆಷಿನ್ನುಗಳು, ತಿರುಗುವ ನೂರಾರು ಕದಿರು, ಕಡಿದ ಎಳೆಗೆ ಗಂಟು ಹಾಕುತ್ತ ಓಡಾಡುವ ಹದಿನೆಂಟು ಜನ ಹೆಂಗಸರು. ಗಾಳಿ ಒಣಗಿದರೆ ಎಳೆ ಕಡಿಯುತ್ತದೆಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊಡೆದು ಮುಚ್ಚಿದ್ದಾರೆ. ನೀರು ಸಿಂಪಡಿಸುವ ತೇವದ ಫ್ಯಾನುಗಳು ಬೆಳಗಿನಿಂದ ಸಂಜೆಯವರೆಗೆ ಓಡುತ್ತವೆ. ಇರುವುದು ಒಂದೇ ಬಾಗಿಲು. ಅದನ್ನೂ ಮುಚ್ಚಿಯೇ ಇಡುತ್ತಾರೆ. ಆ ಬಾಗಿಲ ಪಕ್ಕದ ಗೋಡೆಯಲ್ಲಿ ಡಿಬಿ, ಅಂದರೆ ಇಡೀ ಶೆಡ್ಡಿಗೆ ಕರೆಂಟು ಹಂಚುವ ತಗಡಿನ ಪೆಟ್ಟಿಗೆ. ಎಂಟು ವರ್ಷದ ಹಿಂದೆ ಅದನ್ನು ಅಲ್ಲಿ ಕೂರಿಸಿದವನು ನಾನೇ. ಏನಾದರೂ ಆದರೆ ಓಡಿ ಬಂದು ಆಫ್ ಮಾಡುವುದು ಸುಲಭ ಎಂದು ಆಗ ಅನಿಸಿತ್ತು. ಆ ಪೆಟ್ಟಿಗೆಯೇ ಹೊತ್ತಿಕೊಂಡರೆ ಹದಿನೆಂಟು ಜನ ಯಾವ ಕಡೆಯಿಂದ ಹೊರಗೆ ಹೋಗಬೇಕು ಎಂಬುದು ತಲೆಗೇ ಬಂದಿರಲಿಲ್ಲ.

ಡಿಬಿಯ ಕೆಳಗೆ ಸ್ಟೂಲು ಹಾಕಿಕೊಂಡು ನೂಲಿನ ಲಡಿ ಬಿಡಿಸುತ್ತ ಕೂತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕರು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯರು, ನಮ್ಮಮ್ಮನ ಜೊತೆ ಕೆಲಸ ಮಾಡಿದವರು. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ, ನಾನೂ ಅಷ್ಟೆ.

"ಬಂದ್ಯಾ? ಈ ನಿನ್ ಡಬ್ಬದಲ್ಲಿ ಏನೋ ವಾಸ್ನೆ ಬರ್ತೈತೆ ನೋಡಪ್ಪ," ಅಂದರು.

"ಇದೇ ವರಾತ ಒಂದ್ ತಿಂಗ್ಳಿಂದ," ಎಂದರು ಹಿಂದೆಯೇ ಬಂದ ಯಜಮಾನರು. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಅವಸರದ ಮನುಷ್ಯ. "ಪಕ್ಕದೋರು ಗೂಡು ಬೇಯಿಸ್ತಾರೆ, ಮೇಲೆ ಹುಳ ಒಣಗಾಕವ್ರೆ. ವಾಸ್ನೆ ಬರ್ದೆ ಮಲ್ಲಿಗೆ ಘಮ ಬರ್ತದಾ?"

"ನಲವತ್ತು ವರ್ಷ ಹುಳದ ವಾಸ್ನೇಲೇ ಉಂಡು ಮಲಗಿದೀನಿ, ನಂಗೊತ್ತಿಲ್ವಾ?" ಅಕ್ಕ ಲಡಿಯಿಂದ ತಲೆ ಎತ್ತಲಿಲ್ಲ. "ಇದು ಹುಳದ ವಾಸ್ನೆ ಅಲ್ಲ. ಮೀನಿಂದು."

ಕರೆಂಟಿನ ಕೆಲಸ ಮಾಡುವವರಿಗೆ ಮೀನಿನ ವಾಸನೆ ಎಂದರೆ ಒಂದೇ ಅರ್ಥ. ಸ್ವಿಚ್ಚು, ಲೋಡು ಹೆಚ್ಚಾದರೆ ತಾನೇ ಬಿದ್ದು ಕರೆಂಟು ಕಡಿಯುವ ಎಂಸಿಬಿ, ಇವುಗಳ ಗಟ್ಟಿ ಪ್ಲಾಸ್ಟಿಕ್ಕು ಒಳಗೊಳಗೇ ಕಾದಾಗ ಹೊಗೆಗೂ ಮುಂಚೆ ಬರುವುದು ಅದು. ಬೇರೆ ಯಾವ ಊರಿನಲ್ಲಾದರೂ ಮೊದಲ ದಿನವೇ ಯಾರಾದರೂ ಗಾಬರಿ ಬಿದ್ದು ಫೋನು ಮಾಡುತ್ತಿದ್ದರು. ರೇಷ್ಮೆಯ ಊರಿನಲ್ಲಿ ಬೆಂದ ಹುಳದ ನಾತ ಗೋಡೆಗೂ ಬಟ್ಟೆಗೂ ಹತ್ತಿರುತ್ತದೆ, ಯಾವ ವಾಸನೆ ಬಂದರೂ ಅದರ ತಲೆಗೇ ಕಟ್ಟುತ್ತಾರೆ. ನಾನೂ ಮೂಸಿ ನೋಡಿದೆ. ನನಗೂ ಹುಳದ ವಾಸನೆಯಷ್ಟೇ ಬಂತು.

ಕೈಯ ಹಿಂಭಾಗವನ್ನು ಡಿಬಿಯ ಮುಚ್ಚಳಕ್ಕೆ ಒತ್ತಿದೆ. ಬೆಚ್ಚಗಿತ್ತು. ಶೆಡ್ಡೇ ಬೆಚ್ಚಗಿತ್ತು, ಅದರಿಂದ ಏನೂ ತಿಳಿಯಲಿಲ್ಲ. ಮುಚ್ಚಳ ತೆಗೆದೆ.

ಒಳಗೆಲ್ಲ ಅರಿಶಿನ ಕುಂಕುಮ. ಆಯುಧಪೂಜೆಗೆ ಮೆಷಿನ್ನಿಗೆ ಹಚ್ಚುವ ಹಾಗೆ ಪ್ರತಿ ಎಂಸಿಬಿಯ ಎದೆಗೂ ಬೊಟ್ಟು ಇಟ್ಟಿದ್ದರು, ಹೋದ ವರ್ಷದ ಬೊಟ್ಟಿನ ಮೇಲೆ ಈ ವರ್ಷದ್ದು. ಅದರ ಮೇಲೆ ರೇಷ್ಮೆಯ ಧೂಳು ಮೆತ್ತಿ ಪದರವಾಗಿತ್ತು. ಒಣ ಬಟ್ಟೆ ಸುತ್ತಿದ ಬಿದಿರು ಕಡ್ಡಿಯಿಂದ ನಿಧಾನವಾಗಿ ಒರೆಸಿದೆ. ಎಂಟು ವರ್ಷದ ಹಿಂದೆ ನಾನು ಹಾಕಿದ್ದು ಒಂದೇ ಕಂಪನಿಯ ಎಂಸಿಬಿಗಳು, ಎಲ್ಲಕ್ಕೂ ಕಪ್ಪು ಲಿವರು. ಈಗ ನಡುವೆ ನೀಲಿ ಲಿವರಿನವು ಎರಡು, ಬಿಳಿಯದು ಒಂದು. ಮೂರು ಕಂಪನಿಯ ಮಾಲು ಒಂದೇ ಸಾಲಿನಲ್ಲಿ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಯಾವನ್ ಅಣ್ಣ ಇದ್ನ ಹಾಕಿದ್ದು? ಯಾವ್ ತಲೆಕೆಟ್ಟೋನು?" ಎಂದು ಕೂಗಿದೆ. ಹೆಂಗಸರೆಲ್ಲ ತಿರುಗಿ ನೋಡಿದರು.

"ಯಾರೋ ಹಾಕೋದ್ರು ಗುರು. ನೀನ್ ಸಿಕ್ಕದಿದ್ದಾಗ ಸಿಕ್ಕೋರ್ನ ಕರೀಬೇಕಲ್ವಾ? ಎಲ್ಲಾ ಕೆಲ್ಸ ಮಾಡ್ತಾ ಅವೆಯಲ್ಲ," ಅಂದರು ಯಜಮಾನರು.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಆ ಮೂರು ಕಂಪನಿಗಳಲ್ಲಿ ಯಾವುದೂ ಕಳಪೆಯಲ್ಲ. ಎಂಸಿಬಿಗಳ ಸಾಲಿಗೆ ಕರೆಂಟು ಕೊಡುವುದು ತಾಮ್ರದ ಒಂದು ಪಟ್ಟಿ, ಬಸ್‌ಬಾರ್. ಬಾಚಣಿಗೆಯ ಹಾಗೆ ಅದಕ್ಕೆ ಹಲ್ಲುಗಳಿರುತ್ತವೆ. ಒಂದೊಂದು ಹಲ್ಲು ಒಂದೊಂದು ಎಂಸಿಬಿಯ ಬಾಯಿಗೆ ಹೋಗಬೇಕು, ಸ್ಕ್ರೂ ತಿರುಗಿಸಿದಾಗ ಒಳಗಿನ ಹಿಡಿಕೆ ಅದನ್ನು ಕಚ್ಚಬೇಕು. ಪ್ರತಿ ಕಂಪನಿಯೂ ತನ್ನ ಪಟ್ಟಿಗೆ ತನ್ನ ಎಂಸಿಬಿಯ ಬಾಯಿಯನ್ನು ಹೊಂದಿಸಿಕೊಂಡಿರುತ್ತದೆ. ಇನ್ನೊಂದು ಕಂಪನಿಯದರ ಬಾಯಿ ಕೂದಲೆಳೆಯಷ್ಟು ಮೇಲಕ್ಕೋ ಹಿಂದಕ್ಕೋ ಇರುತ್ತದೆ. ಒತ್ತಿ ಕೂರಿಸಿದರೆ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯಾಗುತ್ತದೆ. ಆದರೆ ಹಿಡಿಕೆ ಕಚ್ಚಿರುವುದು ಹಲ್ಲಿನ ತುದಿಯನ್ನೋ, ಬರೀ ಗಾಳಿಯನ್ನೋ, ಹೊರಗಿನಿಂದ ಕಾಣುವುದಿಲ್ಲ. ತುದಿಯಲ್ಲಷ್ಟೇ ತಾಗಿದ ಜಾಗದಲ್ಲಿ ಕರೆಂಟು ಹರಿದಾಗಲೆಲ್ಲ ಬಿಸಿಯಾಗುತ್ತದೆ. ಬಿಸಿಯಾದಾಗ ಹಿಗ್ಗಿ, ಆರಿದಾಗ ಕುಗ್ಗಿ ಇನ್ನಷ್ಟು ಸಡಿಲವಾಗುತ್ತದೆ. ಲೋಡು ಮಾತ್ರ ಹೆಚ್ಚಾಗಿರುವುದಿಲ್ಲ, ಹಾಗಾಗಿ ಎಂಸಿಬಿ ಬೀಳುವುದಿಲ್ಲ. ಎಲ್ಲ ಸರಿಯಾಗಿದೆ ಎಂದು ಜನ ಅಂದುಕೊಳ್ಳುತ್ತಾರೆ.

ಬಿಳಿ ಲಿವರಿನದರ ಮೇಲಿನ ಕುಂಕುಮದ ಕೆಳಗೆ ಇನ್ನೊಂದು ಬಣ್ಣವಿತ್ತು. ಬೊಟ್ಟು ಪೂರ್ತಿ ಒರೆಸಿದ ಮೇಲೆ ಕಂಡಿತು, ಸೀದ ಹಾಲಿನ ಕಂದು ಬಣ್ಣ. ಅಷ್ಟು ವರ್ಷ ಪೂಜೆ ಮಾಡಿದ ಕೈ ಆ ಕಲೆಯನ್ನೇ ಮುಚ್ಚುತ್ತ ಬಂದಿತ್ತು.

ಆ ಎಂಸಿಬಿಯ ಮೇಲೆ ಇದ್ದದ್ದು ನಾಲ್ಕು ತೇವದ ಫ್ಯಾನು ಮತ್ತು ಬಾಗಿಲ ಕಡೆಯ ಟ್ಯೂಬ್‌ಲೈಟು. ಲಿವರನ್ನು ಕೆಳಗೆಳೆದೆ. ಸುಲಭವಾಗಿ ಬಂತು, ಟಕ್ ಎಂಬ ಸದ್ದೂ ಇಲ್ಲ. ತಲೆ ಎತ್ತಿ ನೋಡಿದರೆ ಫ್ಯಾನುಗಳು ತಿರುಗುತ್ತಲೇ ಇದ್ದವು.

ನಾನು ಈ ಕೆಲಸಕ್ಕೆ ಬಂದ ಮೇಲೆ ಹೆದರಿದ್ದು ಕಡಿಮೆ. ಅವತ್ತು ಹೆದರಿದೆ. ಒಳಗಿನ ಪ್ಲಾಸ್ಟಿಕ್ಕು ಕರಗಿ ಹಿಡಿದುಕೊಂಡಿತ್ತು. ಇನ್ನು ಅದು ತಾನಾಗಿ ಬೀಳುವುದಿಲ್ಲ, ಯಾರು ಎಳೆದರೂ ಆಫ್ ಆಗುವುದಿಲ್ಲ. ಅದರಿಂದ ಒಂದು ಗೇಣು ದೂರದಲ್ಲಿ ಗೋಡೆಗೆ ಮೊಳೆ ಹೊಡೆದು ರೇಷ್ಮೆ ಲಡಿಗಳನ್ನು ತೂಗುಹಾಕಿದ್ದರು. ಕೆಳಗೆ ಅಕ್ಕನ ತಲೆ.

"ಅಣ್ಣ, ಈಗ್ಲೇ ಮೇನ್ ಆಫ್ ಮಾಡ್ಬೇಕು. ಡಿಬಿ ಪೂರ್ತಿ ಬದ್ಲಾಯಿಸ್ಬೇಕು."

"ಈಗ್ಲಾ? ಸಂಜೆಗೆ ಮಾಲು ಕೊಡ್ಬೇಕು ಕಣಪ್ಪ. ದೊಡ್ಡಬಳ್ಳಾಪುರದ ಮಗ್ಗದೋರು ಎಳೆ ಇಲ್ದೆ ಕೈಕಟ್ಕೊಂಡು ಕೂತವ್ರೆ. ಸಂಜೆ ಐದರ ಮೇಲೆ ಏನಾರ ಮಾಡ್ಕೊ, ನಾಳೇನೂ ಮಾಡ್ಕೊ."

"ಕರೆಂಟ್ ಹೋದ್ರೆ ನಿಲ್ಸಲ್ವಾ? ಹೋಗೈತೆ ಅಂದ್ಕೊಳ್ಳಿ."

"ಹೋಗಿಲ್ವಲ್ಲ."

ಅಲ್ಲಿ ನಾನು ಸೋತೆ. ಹದಿನೈದು ವರ್ಷದ ಪರಿಚಯ, ಮುಖ ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಒಂದು ನಡುದಾರಿ ಹಿಡಿದೆ. ನಾಲ್ಕೂ ಫ್ಯಾನುಗಳನ್ನು ಅವುಗಳ ಸ್ವಿಚ್ಚಿನಲ್ಲೇ ಆರಿಸಿ, ನಾನು ಸಾಮಾನು ತರುವವರೆಗೆ ಯಾರೂ ಮುಟ್ಟಬಾರದೆಂದು ಹೇಳಿದೆ. ಯಜಮಾನರು ಆಯ್ತು ಆಯ್ತು ಎಂದರು. ಸ್ಟೂಲನ್ನು ಬೇರೆ ಕಡೆ ಹಾಕಿಕೊಳ್ಳಿ ಎಂದು ಅಕ್ಕನಿಗೆ ಹೇಳಿದೆ.

"ಬೆಳಕಿರೋದು ಇಲ್ಲೇ ಅಲ್ವಾ? ನಿನ್ ಕೈಕೆಲ್ಸ ಅಂತ್ಲೇ ಇದ್ರ ಬುಡದಲ್ಲಿ ಕೂತಿರೋದು ಕಣಪ್ಪ," ಎಂದರು ಅಕ್ಕ.

ದೇವನಹಳ್ಳಿಯ ಅಂಗಡಿಗೆ ಸ್ಕೂಟರಿನಲ್ಲಿ ಅರ್ಧ ಗಂಟೆ. ಕಪ್ಪು ಲಿವರಿನ ಹಳೆಯ ಮಾಡೆಲ್ ಕೇಳಿದೆ. ಕಂಪನಿಯೇ ಅದನ್ನು ನಿಲ್ಲಿಸಿದೆ, ಹೊಸ ಮಾಡೆಲ್ಲಿನ ಬಾಯಿ ಹಳೆಯ ಬಸ್‌ಬಾರಿಗೆ ಕೂರುವುದಿಲ್ಲ ಎಂದು ಗೊತ್ತಾಯಿತು. ಹಾಗಾದರೆ ಪೆಟ್ಟಿಗೆ, ಬಸ್‌ಬಾರ್, ಎಂಸಿಬಿ ಎಲ್ಲವನ್ನೂ ಒಂದೇ ಕಂಪನಿಯದು ಹೊಸದಾಗಿ ತೆಗೆದುಕೊಳ್ಳಬೇಕು. ಅಂಗಡಿಯವನು ಬಿಳಿ ಲಿವರಿನದೊಂದನ್ನು ಕೌಂಟರಿನ ಮೇಲಿಟ್ಟ.

"ಇದ್ನ ಹಾಕು ಗುರು, ಸುಮ್ನೆ ಯಾಕ್ ತಲೆ ಕೆಡಿಸ್ಕೊತೀಯ? ಹದಿನಾರು ಆಂಪ್ಸ್ ಅಂದ್ರೆ ಯಾರ್ದಾದ್ರೂ ಹದಿನಾರೇ. ಎಲ್ಲಾ ಒಂದೇ."

ಈ ಮಾತನ್ನು ಇದೇ ಕೌಂಟರಿನ ಮುಂದೆ ಹಿಂದೆ ಯಾವಾಗಲೋ ಕೇಳಿದ ಹಾಗಿತ್ತು. ನೆನಪಾಗಲಿಲ್ಲ. ಅಷ್ಟರಲ್ಲಿ ಯಜಮಾನರ ಫೋನು ಬಂತು.

"ಬರ್ತಾ ಒಂದು ಟ್ಯೂಬ್‌ಲೈಟು ತಂದ್ಬಿಡಪ್ಪ. ಬಾಗಿಲ ಹತ್ರದ್ದು ಯಾಕೋ ಮಿಣಕ್ ಮಿಣಕ್ ಅಂತೈತೆ."

"ಅಣ್ಣ, ಫ್ಯಾನ್ ಹಾಕಿದೀರಾ?"

"ಎಳೆ ಪಟಪಟ ಅಂತ ಕಡೀತಿತ್ತು. ಎರಡೇ ಎರಡು ಹಾಕ್ದೆ."

"ಆರ್ಸಿ! ಮೊದ್ಲು ಆರ್ಸಿ! ಎಲ್ರನ್ನೂ ಹೊರಗ್ ಕಳ್ಸಿ!"

"ಊಟದ ಹೊತ್ತಿಗೆ ಹೆಂಗಿದ್ರೂ ಹೋಗ್ತಾರೆ ಬಿಡು," ಎಂದರು. ಮೆಷಿನ್ನಿನ ಸದ್ದಿನಲ್ಲಿ ನನ್ನ ಕೂಗು ಅವರಿಗೆ ಪೂರ್ತಿ ಕೇಳಿಸಿತೋ ಇಲ್ಲವೋ, ಫೋನು ಕಟ್ಟಾಯಿತು. ಮತ್ತೆ ಮಾಡಿದೆ. ಎತ್ತಲಿಲ್ಲ.

ಸಾಮಾನು ಅಂಗಡಿಯಲ್ಲೇ ಬಿಟ್ಟು ಸ್ಕೂಟರ್ ಹತ್ತಿದೆ. ಆ ದಾರಿಯುದ್ದಕ್ಕೂ ಕಣ್ಣು ಊರಿನ ದಿಕ್ಕಿನ ಆಕಾಶದ ಮೇಲೇ ಇತ್ತು. ಹೊಗೆ ಕಂಡಾಗಲೆಲ್ಲ ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದೆ. ರೇಷ್ಮೆಯ ಊರಲ್ಲವೇ, ಗೂಡು ಬೇಯಿಸುವ ಒಲೆಗಳ ಹೊಗೆ ಎಲ್ಲಿ ನೋಡಿದರೂ ಇರುತ್ತದೆ. ಯಾವ ಹೊಗೆ ಯಾವುದೆಂದು ಹೇಗೆ ಹೇಳುವುದು? ಆ ಫ್ಯಾನುಗಳನ್ನು ಯಾರೂ ಹಾಕದ ಹಾಗೆ ವೈರನ್ನೇ ಕತ್ತರಿಸಿ ಬರಬಹುದಿತ್ತು, ಮೇನನ್ನೇ ತೆಗೆದು ಬೈಸಿಕೊಳ್ಳಬಹುದಿತ್ತು ಎಂದು ನನ್ನನ್ನು ನಾನೇ ಬೈದುಕೊಂಡೆ. ನಾಚಿಕೆಗೇಡು, ಒಬ್ಬರ ಮುಖ ನೋಡಿ ಹದಿನೆಂಟು ಜನರನ್ನು ಅಲ್ಲಿ ಬಿಟ್ಟು ಬಂದಿದ್ದೆ.

ಶೆಡ್ಡು ನಿಂತಿತ್ತು. ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಮೇಲೆ ಸ್ಟೂಲನ್ನು ಅಡ್ಡ ಇಟ್ಟುಕೊಂಡು ಅಕ್ಕ ಕೂತಿದ್ದರು. ಬಾಗಿಲು ಮುಚ್ಚಿ ಎಂದು ಯಜಮಾನರು ಎರಡು ಸಲ ಬೈದರಂತೆ, ಅವರು ಏಳಲಿಲ್ಲ.

"ವಾಸ್ನೆ ಜಾಸ್ತಿ ಆಯ್ತು. ಬಾಗಿಲಾದ್ರೂ ತೆಗೆದಿರ್ಲಿ ಅಂತ," ಅಂದರು. ಒಳಗೆ ಟ್ಯೂಬು ಮಿಣುಕುತ್ತಿತ್ತು. ಈ ಸಲ ನನ್ನ ಮೂಗಿಗೂ ಬಂತು, ಸಂತೆಯ ಕೊನೆಯಲ್ಲಿ ಉಳಿದ ಮೀನಿನ ವಾಸನೆ. ಡಿಬಿಯೊಳಗೆ ಸಣ್ಣಗೆ ಚರ್ ಚರ್ ಎಂಬ ಸದ್ದು.

ಯಾರನ್ನೂ ಕೇಳಲಿಲ್ಲ. ಹೊರಗೋಡೆಯ ಮೀಟರಿನ ಪಕ್ಕ ಇರುವ ಮೇನ್ ಸ್ವಿಚ್ ಕೆಳಗೆಳೆದು, ಮೂರೂ ಫ್ಯೂಸುಗಳನ್ನು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಕದಿರುಗಳ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಆ ಶೆಡ್ಡು ಅಷ್ಟು ಮೌನವಾಗಿದ್ದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕತ್ತಲೆಯೊಳಗಿಂದ ಹೆಂಗಸರು ಒಬ್ಬೊಬ್ಬರಾಗಿ ಅಕ್ಕನ ಸ್ಟೂಲು ದಾಟಿ ಹೊರಗೆ ಬಂದರು. ನಾನು ಎಣಿಸಿದೆ. ಅಕ್ಕನೂ ಸೇರಿ ಹದಿನೆಂಟು.

ಯಜಮಾನರು ಕೆಂಡಾಮಂಡಲವಾದರು. "ನನ್ ಕಾರ್ಖಾನೆ ನಿಲ್ಸೋಕೆ ನೀನ್ಯಾರಲಾ? ಕೊಡು ಆ ಫ್ಯೂಸು!"

"ಕೊಡಲ್ಲ ಅಣ್ಣ. ಬಂದ್ ನೋಡಿ, ಆಮೇಲೆ ಹೊಡೀರಿ ಬೇಕಾದ್ರೆ."

ಟೆಸ್ಟರಿನಿಂದ ಎಲ್ಲ ಕಡೆ ಮುಟ್ಟಿ ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವರ ಕಣ್ಣೆದುರಿಗೇ ಬಿಳಿ ಲಿವರಿನ ಎಂಸಿಬಿಯ ಸ್ಕ್ರೂ ತಿರುಗಿಸಿದೆ. ತಿರುಗಿತು, ಆದರೆ ಎಂಸಿಬಿ ಬಿಡಲಿಲ್ಲ, ಬಸ್‌ಬಾರಿನ ಹಲ್ಲಿಗೆ ಕರಗಿ ಅಂಟಿತ್ತು. ಅಲುಗಾಡಿಸಿದಾಗ ಅದರ ಬಾಯಿಯ ಭಾಗ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ಉದುರಿತು. ತಾಮ್ರದ ಹಲ್ಲು ಕಪ್ಪಾಗಿ, ತುದಿಯಲ್ಲಿ ಹುಳ ತಿಂದಂತೆ ಸವೆದಿತ್ತು. ಹಿಂದಿನ ವೈರಿನ ಸಿಪ್ಪೆ ಸುಲಿದು ಬರಿ ತಂತಿ ಕಾಣುತ್ತಿತ್ತು. ಅದಕ್ಕೆ ರೇಷ್ಮೆಯ ಧೂಳು ಅಂಟಿಕೊಂಡು ಅಲ್ಲಲ್ಲಿ ಸೀದಿತ್ತು.

ಯಜಮಾನರು ಬಗ್ಗಿ ನೋಡಿದರು. ಆಮೇಲೆ ಮೊಳೆಗೆ ತೂಗುಹಾಕಿದ್ದ ಲಡಿಗಳನ್ನು ತಾವೇ ತೆಗೆದು ಹೊರಗೆ ಇಟ್ಟರು.

"ಯಾವನೋ ಅವ್ನು, ಕೈಗೆ ಸಿಕ್ರೆ..." ಎನ್ನುತ್ತ ನಾನು ಆ ಎಂಸಿಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ.

ನನ್ನದೊಂದು ಅಭ್ಯಾಸವಿದೆ. ಹಾಕುವ ಪ್ರತಿ ಎಂಸಿಬಿಯ ಮಗ್ಗುಲಲ್ಲಿ ಮಾರ್ಕರಿನಿಂದ ತಾರೀಕು ಬರೆದು ನನ್ನ ಸಹಿಯ ಮೊದಲ ಅಕ್ಷರ ಹಾಕುತ್ತೇನೆ. ಮಗ್ಗುಲು ಎಂದರೆ ಪಕ್ಕದ್ದಕ್ಕೆ ತಾಗಿಕೊಂಡಿರುವ ಭಾಗ, ಕಿತ್ತಾಗಲೇ ಕಾಣುವುದು. ಹಾಗೆ ಬರೆಯುವ ಎದೆಗಾರಿಕೆ ಈ ತಾಲ್ಲೂಕಿನಲ್ಲಿ ಇನ್ಯಾರಿಗಿದೆ ಎಂದು ಜಂಬ ಕೊಚ್ಚಿಕೊಂಡಿದ್ದೂ ಉಂಟು. ಸುಟ್ಟ ಆ ಎಂಸಿಬಿಯ ಮಗ್ಗುಲಲ್ಲಿ ಅರ್ಧ ಅಳಿಸಿದ ಬರಹವಿತ್ತು. ಐದು ವರ್ಷದ ಹಿಂದಿನ, ಆಯುಧಪೂಜೆಯ ಹಿಂದಿನ ದಿನದ ತಾರೀಕು. ಕೆಳಗೆ ನನ್ನ ಅಕ್ಷರ. ಅದರ ಕೆಳಗೆ, ನನ್ನದೇ ಕೈಬರಹದಲ್ಲಿ, 'ತಾತ್ಕಾಲಿಕ'.

ಆಗ ಎಲ್ಲ ನೆನಪಾಯಿತು. ಪೂಜೆಗೆ ಮೆಷಿನ್ನು ಓಡಲೇಬೇಕೆಂದು ಕರೆದಿದ್ದರು. ಅಂಗಡಿಯಲ್ಲಿ ನನ್ನ ಕಂಪನಿಯ ಮಾಲು ಮುಗಿದಿತ್ತು. ಎಲ್ಲಾ ಒಂದೇ ಎಂದು ಅಂಗಡಿಯವನು ಹೇಳಿದ್ದ. ಹಲ್ಲು ಕೂರದಿದ್ದಾಗ ಕಟಿಂಗ್ ಪ್ಲೇಯರಿನಿಂದ ಸ್ವಲ್ಪ ಬಗ್ಗಿಸಿ ಒತ್ತಿದ್ದೆ. ಹಬ್ಬ ಕಳೆದು ಬಂದು ಬದಲಾಯಿಸುತ್ತೇನೆ ಎಂದುಕೊಂಡು ಮರೆತೇಬಿಟ್ಟೆ. ನೀಲಿಯವು ಎರಡು ಬೇರೆ ಯಾರೋ ಹಾಕಿದ್ದು. ಅವೂ ಸಡಿಲವಾಗಿದ್ದವು, ಆದರೆ ಸುಟ್ಟಿರಲಿಲ್ಲ.

ಎಂಸಿಬಿಯನ್ನು ಜೇಬಿಗಿಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಅನಿಸಿದ್ದೂ ನಿಜ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾರ್ ಹಾಕಿದ್ದಂತಪ್ಪ?"

"ನಾನೇ ಅಕ್ಕ. ಆ ಸುಟ್ಟಿರೋದು ನಾನೇ ಹಾಕಿದ್ದು."

ಅವರು ಬೈಯಬೇಕಿತ್ತು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿ, ವಾಪಸ್ಸು ಕೊಟ್ಟರು.

"ಐದು ವರ್ಷ ನಿನ್ನ ನಂಬ್ಕೊಂಡು ಕೂತಿದ್ದೆನಲ್ಲೋ," ಅಂದರು ಅಷ್ಟೆ. ಕಣ್ಣಲ್ಲಿ ನೀರು ಬಂದದ್ದು ನನಗೆ.

ಎರಡು ದಿನ ಕಾರ್ಖಾನೆ ನಿಂತಿತು. ಹೊಸ ಡಿಬಿಯನ್ನು ಬಾಗಿಲಿನಿಂದ ದೂರ, ಹೊರಗೋಡೆಗೆ ಕೂರಿಸಿದೆ. ಪೆಟ್ಟಿಗೆ, ಬಸ್‌ಬಾರ್, ಎಂಸಿಬಿ ಎಲ್ಲ ಒಂದೇ ಕಂಪನಿಯದು. ಪ್ರತಿ ಹಲ್ಲನ್ನೂ ಎಳೆದು ನೋಡಿ ಬಿಗಿದೆ. ಇನ್ನು ಮೇಲೆ ಕುಂಕುಮ ಮುಚ್ಚಳದ ಹೊರಗೆ ಮಾತ್ರ ಎಂದು ಯಜಮಾನರಿಗೆ ಹೇಳಿದೆ, ಒಪ್ಪಿದರು. ಹಿಂದಿನ ಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದರು. ಅದು ನನ್ನ ಮಾತಿಗಲ್ಲ, ಅಕ್ಕ ಹೇಳಿದ್ದಕ್ಕೆ.

ಅಲ್ಲಿಗೆ ಮುಗಿಯಬೇಕಿತ್ತು. ಮೂರನೆಯ ದಿನ ಸ್ಟೀಲು ಲೋಟದಲ್ಲಿ ಟೀ ಕುಡಿಯುತ್ತ ಕೂತಾಗ ಇನ್ನೊಂದು ನೆನಪಾಗಿ ಲೋಟ ಕೆಳಗಿಟ್ಟೆ. ಆ ಹಬ್ಬದ ಹಿಂದಿನ ದಿನ ಅಂಗಡಿಯಿಂದ ನಾನು ತಂದದ್ದು ಒಂದು ಎಂಸಿಬಿ ಅಲ್ಲ, ಒಂದು ಡಬ್ಬ. ಡಬ್ಬದಲ್ಲಿ ಹನ್ನೆರಡು ಇರುತ್ತವೆ. ಹಬ್ಬದ ಅವಸರ ಎಲ್ಲರಿಗೂ ಇತ್ತು, ಎಲ್ಲರ ಕಡೆಗೂ ನಾನೇ ಹೋಗಿದ್ದೆ, ಸಿಕ್ಕ ಸಿಕ್ಕ ಕಡೆ ಒತ್ತಿ ಕೂರಿಸಿದ್ದೆ. ಎಲ್ಲದರ ಮಗ್ಗುಲಲ್ಲೂ ಅದೇ ಪದ ಬರೆದಿರಬೇಕು.

ಅಕ್ಕನಿಗೆ ಹೇಳಿದೆ. ಅವರು ಲಡಿ ಪಕ್ಕಕ್ಕಿಟ್ಟು, "ನಿನ್ ಮೂಗಿಗೆ ಏನೂ ಗೊತ್ತಾಗಲ್ಲ. ರಜೆ ದಿನ ಬರ್ತೀನಿ, ಗಾಡಿ ತಗೊಂಡ್ ಬಾ," ಅಂದರು.

ಈಗ ಕಾರ್ಖಾನೆಗೆ ರಜೆ ಇರುವ ದಿನ ನಾವಿಬ್ಬರೂ ಹೊರಡುತ್ತೇವೆ. ನೆನಪಿದ್ದ ಮನೆಗಳಿಗೆ, ಮಿಲ್ಲಿಗೆ, ಅಂಗಡಿಗಳಿಗೆ ಹೋಗಿ, ನಾನೇ ತಪ್ಪು ಮಾಡಿದ್ದೆ ಎಂದು ಹೇಳಿ ಬದಲಾಯಿಸಿದ್ದೇನೆ. ಕೆಲವರು ನಕ್ಕರು, ಒಬ್ಬರು ಗೇಟಿನಿಂದಲೇ ಕಳಿಸಿದರು, ಮಾರನೆಯ ವಾರ ಮತ್ತೆ ಹೋದೆ. ವಿಜಯಪುರದ್ದೂ ಸೇರಿ ಎಂಟು ಸಿಕ್ಕಿವೆ. ಅವುಗಳಲ್ಲಿ ಮೂರು ಕಂದು ತಿರುಗಿದ್ದವು. ಉಳಿದ ನಾಲ್ಕು ಎಲ್ಲಿ ಹಾಕಿದೆನೋ, ಎಷ್ಟು ತಲೆ ಚಚ್ಚಿಕೊಂಡರೂ ಹೊಳೆಯುತ್ತಿಲ್ಲ.

ಹೋದ ವಾರ ರೇಷ್ಮೆ ಬೀದಿಯ ಹಿಂದಿನ ಓಣಿಯಲ್ಲಿ ನಿಧಾನಕ್ಕೆ ಹೋಗುತ್ತಿದ್ದೆವು. ಎರಡೂ ಕಡೆ ಗೂಡು ಬೇಯುತ್ತಿತ್ತು, ಚಾಪೆಗಳ ಮೇಲೆ ಹುಳ ಒಣಗುತ್ತಿದ್ದವು, ನನ್ನ ಮೂಗಿಗೆ ಅದರ ನಾತ ಬಿಟ್ಟು ಬೇರೇನೂ ಇರಲಿಲ್ಲ. ಯಾವುದೋ ಮನೆಯೊಳಗೆ ಮಕ್ಕಳು ಗಟ್ಟಿಯಾಗಿ ಪಾಠ ಓದುತ್ತಿದ್ದರು.

ಹಿಂದೆ ಕೂತಿದ್ದ ಅಕ್ಕ ನನ್ನ ಭುಜ ಹಿಡಿದು ಅದುಮಿದರು.

"ಗಾಡಿ ನಿಲ್ಸು," ಅಂದರು.